ಸಿಟಿ ಬಸ್ಸಿನಲ್ಲಿ ನಿಲ್ಲಿಸುವುದೇ ಕೆಲಸ

ಹಾಸನದ ಹಳೇ ಬಸ್ ಸ್ಟ್ಯಾಂಡಿನಿಂದ ಹೊಸ ಬಸ್ ಸ್ಟ್ಯಾಂಡು, ಅಲ್ಲಿಂದ ಬಿ.ಎಂ. ರಸ್ತೆ ಹಿಡಿದು ಡೇರಿ ಸರ್ಕಲ್ಲು. ಇನ್ನೊಂದು ಕಡೆಗೆ ಸಾಲಗಾಮೆ ರಸ್ತೆಯ ಕಾಲೇಜುಗಳು. ಬೆಂಗಳೂರು, ಮಂಗಳೂರು ಲೈನಿನಲ್ಲಿ ವರ್ಷಗಟ್ಟಲೆ ಸ್ಟೇರಿಂಗ್ ಹಿಡಿದವರಿಗೆ ಸಿಟಿ ಡ್ಯೂಟಿ ಬಿದ್ದರೆ ‘ಇಷ್ಟೇನಾ’ ಅನ್ನಿಸುವುದು ಸಹಜ. ಘಾಟಿಯಿಲ್ಲ, ರಾತ್ರಿ ಓಟವಿಲ್ಲ, ಸಂಜೆಗೆ ಮನೆ ಸೇರಬಹುದು. ಆದರೆ ಲೆಕ್ಕ ಹಾಕಿ ನೋಡಿ. 7 ಕಿ.ಮೀ. ದಾರಿ, 18 ಸ್ಟಾಪು, ದಿನಕ್ಕೆ 12 ಸಿಂಗಲ್ ಟ್ರಿಪ್ಪು ಅಂದರೆ 216 ಸಲ ಗಾಡಿ ನಿಲ್ಲಿಸಿ 216 ಸಲ ಎತ್ತಬೇಕು. ಒಂದು ಸಲ ಎತ್ತಿ, ಮೂರನೇ ನಾಲ್ಕನೇ ಗೇರಿಗೆ ಬಂದು, ಮತ್ತೆ ನಿಲ್ಲುವಷ್ಟರಲ್ಲಿ ಕ್ಲಚ್ಚು ಐದು ಸಲ ಒತ್ತಿರುತ್ತೀರಿ. ಅಲ್ಲಿಗೆ ಸಾವಿರ ದಾಟಿತು. ಸಿಗ್ನಲ್ಲು, ಆಟೊ, ದನ, ಅಡ್ಡ ಬಂದ ಸ್ಕೂಟರು ಇದರಲ್ಲಿ ಸೇರಿಲ್ಲ. ಲೈನ್ ಗಾಡಿಯಲ್ಲಿ ಓಡಿಸುವುದು ಕೆಲಸ, ಸಿಟಿಯಲ್ಲಿ ನಿಲ್ಲಿಸುವುದು ಕೆಲಸ. ಹೊಸದಾಗಿ ಸಿಟಿ ಶೆಡ್ಯೂಲಿಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೇಗದ ಮಾತು ಮುಗಿಸಿಬಿಡೋಣ. ಎರಡು ಸ್ಟಾಪಿನ ನಡುವೆ 400 ಮೀಟರ್ ಇದೆ ಅಂದುಕೊಳ್ಳಿ. ನಿಂತಲ್ಲಿಂದ ಹೊರಟು 30ಕ್ಕೆ ಏರಿ, ಅದೇ ವೇಗದಲ್ಲಿ ಹೋಗಿ, ನಿಧಾನಕ್ಕೆ ನಿಲ್ಲಿಸಿದರೆ ಸುಮಾರು 57 ಸೆಕೆಂಡು ಹಿಡಿಯುತ್ತದೆ. 40ಕ್ಕೆ ಏರಿಸಿದರೆ 48. ಉಳಿದದ್ದು 9 ಸೆಕೆಂಡು. ಒಂದೇ ಬಾಗಿಲಲ್ಲಿ ಒಬ್ಬರು ಹತ್ತಲು ಎರಡರಿಂದ ಮೂರು ಸೆಕೆಂಡು ಬೇಕು, ಅಂದರೆ ಮೂರು ನಾಲ್ಕು ಜನ ಹತ್ತುವಷ್ಟು ಹೊತ್ತು ಉಳಿಯಿತು. ಅದೂ 400 ಮೀಟರ್ ಪೂರ್ತಿ ಖಾಲಿ ರಸ್ತೆ ಸಿಕ್ಕರೆ ಮಾತ್ರ. ಎನ್.ಆರ್. ಸರ್ಕಲ್ ಸುತ್ತಮುತ್ತ ಬೆಳಿಗ್ಗೆ ಒಂಬತ್ತರ ಮೇಲೆ ಅಂಥ ರಸ್ತೆ ಎಲ್ಲಿ ಸಿಗುತ್ತದೆ? ಅತ್ತ ಬ್ರೇಕಿಗೆ ಬೀಳುವ ಭಾರ ನೋಡಿದರೆ, 30ರಿಂದ ನಿಲ್ಲಿಸುವುದಕ್ಕಿಂತ 40ರಿಂದ ನಿಲ್ಲಿಸುವಾಗ ಚಕ್ರದ ಬ್ರೇಕ್ ಡ್ರಮ್ಮಿನಲ್ಲಿ ಹುಟ್ಟುವ ಶಾಖ ಮುಕ್ಕಾಲು ಪಾಲು ಹೆಚ್ಚು. ಡೀಸೆಲ್ ಸುಟ್ಟು ಪಡೆದ ವೇಗವನ್ನೇ, ಡ್ರಮ್ಮಿಗೆ ಉಜ್ಜುವ ಲೈನರ್ ಸವೆಸಿ ಕಳೆದಂತಾಯಿತು. ಕೆಎಂಪಿಎಲ್ (ಲೀಟರ್ ಡೀಸೆಲಿಗೆ ಓಡುವ ಕಿ.ಮೀ.) ಬರುವುದಿಲ್ಲ ಎಂದು ಗಾಡಿಯನ್ನು ದೂರುವವರು ಮೊದಲು ಆಕ್ಸಿಲರೇಟರಿನಿಂದ ಕಾಲನ್ನು ಎಲ್ಲಿ ತೆಗೆಯುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಮುಂದೆ ಸ್ಟಾಪು ಕಾಣುತ್ತಿದೆ, ಜನ ಕೈ ತೋರಿಸುತ್ತಿದ್ದಾರೆ ಅಂದಮೇಲೂ ಪೆಡಲ್ ಒತ್ತುತ್ತಿದ್ದರೆ ಆ ಡೀಸೆಲ್ ಪೂರ್ತಿ ನಷ್ಟ.

ಇನ್ನು ಬ್ರೇಕು. ಲೈನ್ ಗಾಡಿಯಲ್ಲಿ ಜನ ಕೂತಿರುತ್ತಾರೆ, ಸಿಟಿಯಲ್ಲಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕೈಚೀಲ, ಬಾಯಲ್ಲಿ ಆಧಾರ್ ಕಾರ್ಡು ಕಚ್ಚಿಕೊಂಡು ನಿಂತ ಅಮ್ಮನಿಗೆ ಕಂಬಿ ಹಿಡಿಯಲು ಮೂರನೇ ಕೈ ಇರುವುದಿಲ್ಲ. 30ರ ವೇಗದಲ್ಲಿದ್ದ ಗಾಡಿಯನ್ನು 30 ಮೀಟರಿನಲ್ಲಿ ನಿಲ್ಲಿಸಿದರೆ, ಅಂದರೆ ಹೆಚ್ಚುಕಮ್ಮಿ ಮೂರು ಬಸ್ಸಿನ ಉದ್ದದಲ್ಲಿ, 60 ಕೆ.ಜಿ. ತೂಗುವವರನ್ನು ಹಿಂದಿನಿಂದ 7 ಕೆ.ಜಿ.ಯಷ್ಟು ಬಲದಲ್ಲಿ ನೂಕಿದಂತೆ. ಕಾಲು ಸ್ವಲ್ಪ ಅಗಲಿಸಿ ನಿಂತರೆ ತಡೆದುಕೊಳ್ಳಬಹುದು. ಅದೇ ಗಾಡಿಯನ್ನು 10 ಮೀಟರಿನಲ್ಲಿ ನಿಲ್ಲಿಸಿದರೆ ನೂಕು 21 ಕೆ.ಜಿ.ಗೆ ಏರುತ್ತದೆ. ಆಗ ಮುಂದಿನ ಸೀಟಿನ ಕಂಬಿಗೆ ಹಲ್ಲು ತಾಗುತ್ತದೆ. ಬಸ್ಸಿನೊಳಗೆ ಬಿದ್ದು ಪೆಟ್ಟಾಗುವುದು ಹೆಚ್ಚಾಗಿ ಡಿಕ್ಕಿಯಿಂದಲ್ಲ, ಹೀಗೆ ತಡವಾಗಿ ಒತ್ತಿದ ಬ್ರೇಕಿನಿಂದ.

ಏರ್ ಬ್ರೇಕಿಗೆ ತನ್ನದೇ ಗುಣ ಇದೆ. ಕಾಲಿಟ್ಟ ಮೇಲೆ ಗಾಳಿ ಪೈಪಿನಲ್ಲಿ ಹೋಗಿ ಚೇಂಬರ್ ತುಂಬಿ ಲೈನರ್ ಡ್ರಮ್ಮಿಗೆ ತಾಗಲು ಅರ್ಧ ಸೆಕೆಂಡಿನಷ್ಟು ತಡ. ಕಾರಿನಿಂದ ಬಂದವರು ಈ ತಡ ಸಹಿಸದೆ ಇನ್ನಷ್ಟು ಒತ್ತುತ್ತಾರೆ, ಗಾಳಿ ಒಮ್ಮೆಲೇ ಬಂದು ಗಾಡಿ ಮೂತಿ ಕುಕ್ಕುತ್ತದೆ. ತಿರುಗಿ ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಹೀಗೆ ಬಿಟ್ಟು ಬಿಟ್ಟು ಒತ್ತಿದಷ್ಟೂ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ, ಏಕೆಂದರೆ ಕಾಲು ತೆಗೆದಾಗಲೆಲ್ಲ ಚೇಂಬರಿನ ಗಾಳಿ ಹೊರಗೆ ಹೋಗುತ್ತದೆ. ಸರಿಯಾದ ರೀತಿ ಒಂದೇ: ದೂರದಲ್ಲೇ ಹಗುರಾಗಿ ಕಾಲಿಟ್ಟು, ಅದನ್ನೇ ಹಿಡಿದುಕೊಂಡು ಬಂದು, ಕೊನೆಯ ಒಂದೆರಡು ಮೀಟರಿನಲ್ಲಿ ಒತ್ತಡವನ್ನು ಸ್ವಲ್ಪ ಸಡಿಲಿಸುವುದು. ಆ ಸಡಿಲಿಕೆಯಲ್ಲೇ ಎಲ್ಲ ಇದೆ. ಕೊನೆವರೆಗೂ ಒಂದೇ ಸಮ ಒತ್ತಿದರೆ ಚಕ್ರ ನಿಂತ ಕ್ಷಣಕ್ಕೆ ಬಾಡಿ ಮುಂದೆ ಬಾಗಿ ಹಿಂದಕ್ಕೆ ಜಗ್ಗುತ್ತದೆ. ಇಳಿಯಲು ಎದ್ದು ನಿಂತವರು ಬೀಳುವುದು ಆ ಹಿಂದಿನ ಜಗ್ಗಿಗೆ. ಪೂರ್ತಿ ನಿಲ್ಲುವ ಮೊದಲು ಬೆರಳಿನಷ್ಟು ಸಡಿಲಿಸಿ, ಗಾಡಿ ತಾನಾಗಿ ನಿಂತ ಮೇಲೆ ಮತ್ತೆ ಒತ್ತಿ ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಓಡಿಸುವವರ ಗಾಡಿಯಲ್ಲಿ ಕಂಡಕ್ಟರ್ ಕಂಬಿ ಹಿಡಿಯದೆ ಟಿಕೆಟ್ ಹರಿಯುತ್ತಿರುತ್ತಾರೆ, ನೋಡಿ.

ಸ್ಟಾಪಿಗೆ ಎಷ್ಟು ಹತ್ತಿರ ಹೋಗಬೇಕು? ಫುಟ್‌ಪಾತಿನ ಅಂಚಿಗೆ ಒಂದಡಿ. ಅಲ್ಲಿಗೆ ನಿಲ್ಲಿಸಿದರೆ ಅಜ್ಜಿಯ ಕಾಲು ಫುಟ್‌ಪಾತಿನಿಂದ ನೇರ ಮೆಟ್ಟಿಲಿಗೆ ಬರುತ್ತದೆ. ಮೂರಡಿ ದೂರ ನಿಲ್ಲಿಸಿದರೆ ಅವರು ಮೊದಲು ರಸ್ತೆಗೆ ಇಳಿಯಬೇಕು, ಅಲ್ಲಿಂದ ಎತ್ತರದ ಮೊದಲ ಮೆಟ್ಟಿಲು ಹತ್ತಬೇಕು, ಆ ಮೂರಡಿಯ ಸಂದಿಯಲ್ಲಿ ಒಂದು ಸ್ಕೂಟರ್ ನುಗ್ಗಿಯೇ ನುಗ್ಗುತ್ತದೆ. ಬಾಗಿಲಿನ ಎಡಗಡೆ ಸಂದಿ ಬಿಟ್ಟ ಗಾಡಿ ಅಪಘಾತಕ್ಕೆ ಜಾಗ ಬಿಟ್ಟ ಗಾಡಿ. ಆದರೆ ನಮ್ಮಲ್ಲಿ ಎಷ್ಟೋ ಸ್ಟಾಪಿಗೆ ಫುಟ್‌ಪಾತೇ ಇಲ್ಲ, ಇದ್ದಲ್ಲಿ ಚರಂಡಿಯ ಚಪ್ಪಡಿ. ಖಾಲಿ ಗಾಡಿಯೇ ಒಂಬತ್ತು ಹತ್ತು ಟನ್ ಇರುತ್ತದೆ, ಮೇಲೆ ಅರವತ್ತು ಜನ ಅಂದರೆ ಇನ್ನೂ ನಾಲ್ಕು ಟನ್ ಹತ್ತಿರ. ಹಿಂದಿನ ಜೋಡಿ ಟೈರು ಚಪ್ಪಡಿ ಮೇಲೆ ಹತ್ತಿದರೆ ಚಪ್ಪಡಿ ಮುರಿದು ಗಾಡಿ ಎಡಕ್ಕೆ ವಾಲುತ್ತದೆ. ಹಾಗಾಗಿ ಮುಂದಿನ ಚಕ್ರ ಹೋದಲ್ಲಿ ಹಿಂದಿನದೂ ಹೋಗುತ್ತದೆ ಎಂದು ನಂಬಬೇಡಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ ಕಡಿದಾಗ ಒಳಗಿನ ಹಿಂದಿನ ಟೈರು ಮುಂದಿನದಕ್ಕಿಂತ ಆರೇಳು ಅಡಿ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮೂಲೆಯಲ್ಲಿ ನಿಂತ ತಳ್ಳುಗಾಡಿಯವನು ಮುಂದಿನ ಚಕ್ರ ದಾಟಿತು ಎಂದು ನಿರಾಳವಾಗಿ ನಿಂತಿರುತ್ತಾನೆ. ಅವನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ನಮಗೆ ಗೊತ್ತಿರಬೇಕು.

ಇದಕ್ಕಿಂತ ಅಪಾಯದ್ದು ಬಾಲ. ಉದ್ದನೆಯ ಬಸ್ಸಿನಲ್ಲಿ ಹಿಂದಿನ ಆಕ್ಸಲ್‌ನಿಂದಾಚೆ ಮೂರು ಮೀಟರಿನಷ್ಟು ಬಾಡಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಎರಡು ಆಕ್ಸಲ್ ನಡುವಿನ ಅಂತರದ ಶೇ. 60ಕ್ಕಿಂತ ಹೆಚ್ಚು ಚಾಚಬಾರದು ಎಂಬ ನಿಯಮ ಇರುವುದೇ ಇದಕ್ಕೆ. ಸ್ಟಾಪಿನಲ್ಲಿ ಅಂಚಿಗೆ ಒತ್ತಿ ನಿಲ್ಲಿಸಿದ್ದೀರಿ, ಮುಂದೆ ಆಟೊ ನಿಂತಿದೆ, ಬೇಗ ಹೊರಬರಲು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಕಡಿಯುತ್ತೀರಿ. ಮೂತಿ ಬಲಕ್ಕೆ ಹೋಗುತ್ತದೆ, ಬಾಲ ಎಡಕ್ಕೆ ಬೀಸುತ್ತದೆ. ಎಷ್ಟು? ಒಂದೂವರೆಯಿಂದ ಎರಡಡಿ. ಅಂಚಿನಿಂದ ಒಂದಡಿ ಬಿಟ್ಟಿದ್ದರೆ ಬಾಲದ ಮೂಲೆ ಫುಟ್‌ಪಾತಿನ ಮೇಲೆ ಹಾದುಹೋಗುತ್ತದೆ, ಅಲ್ಲಿ ಮುಂದಿನ ಬಸ್ಸಿಗೆ ಕಾಯುತ್ತಾ ಫೋನ್ ನೋಡುತ್ತಾ ಒಬ್ಬರು ನಿಂತಿರುತ್ತಾರೆ. ಮುಂದೆ ಆಟೊ ಇದ್ದರೆ ಅದು ಸರಿಯುವವರೆಗೆ ಹಾರ್ನ್ ಹೊಡೆದು ಕಾಯುವುದು, ಇಲ್ಲವೇ ನಿಲ್ಲಿಸುವಾಗಲೇ ಆಟೊ ಹಿಂದೆ ಅರ್ಧ ಬಸ್ಸಿನಷ್ಟು ಜಾಗ ಬಿಟ್ಟು ನಿಲ್ಲಿಸುವುದು. ಎರಡನೆಯದು ಮೇಲು. ಒಮ್ಮೆಲೇ ಕಡಿಯದೆ, ಆ ಜಾಗದಲ್ಲಿ ಉರುಳುತ್ತಾ ನಿಧಾನಕ್ಕೆ ಬಲಕ್ಕೆ ತಿರುಗಿಸಿದರೆ ಬಾಲ ಬೀಸುವುದು ಬಹಳ ಕಡಿಮೆಯಾಗುತ್ತದೆ.

ಡಬಲ್ ಬೆಲ್ ಬಿತ್ತು ಎಂದ ಮಾತ್ರಕ್ಕೆ ಕ್ಲಚ್ ಬಿಡುವುದಲ್ಲ. ಕಂಡಕ್ಟರ್ ಹಿಂದೆ ಟಿಕೆಟ್ ಹರಿಯುತ್ತಿರುತ್ತಾರೆ, ಜನರ ಭುಜದ ಮೇಲಿಂದ ಬಾಗಿಲು ಅವರಿಗೂ ಪೂರ್ತಿ ಕಾಣುವುದಿಲ್ಲ. ಎಡಗನ್ನಡಿಯನ್ನು ಎರಡು ಸಲ ನೋಡಬೇಕು: ಬೆಲ್ ಬಿದ್ದಾಗ ಒಮ್ಮೆ, ಗೇರ್ ಹಾಕಿದ ಮೇಲೆ ಇನ್ನೊಮ್ಮೆ. ಈ ಎರಡರ ನಡುವಿನ ಎರಡು ಸೆಕೆಂಡಿನಲ್ಲೇ ಓಡಿಬರುವವರು ಬಂದಿರುತ್ತಾರೆ. ಕಾಲೇಜು ಹುಡುಗರು ಗಾಡಿಯ ಪಕ್ಕದಲ್ಲೇ ಓಡುತ್ತಾ ಕಂಬಿಗೆ ಕೈ ಹಾಕುತ್ತಾರೆ, ಕೈ ಜಾರಿದರೆ ಬೀಳುವುದು ಹಿಂದಿನ ಚಕ್ರದ ದಾರಿಗೆ. ಓಡಿಬರುವವರು ಕಂಡರೆ ಒಂದೋ ಪೂರ್ತಿ ನಿಂತು ಹತ್ತಿಸಿಕೊಳ್ಳಿ, ಇಲ್ಲವೇ ಬಾಗಿಲು ಹಾಕಿಸಿ ಹೊರಡಿ. ನಡುವೆ ನಿಧಾನಕ್ಕೆ ಉರುಳಿಸಿಕೊಂಡು ‘ಬಾ ಬಾ’ ಅನ್ನುವುದು ಉಪಕಾರದಂತೆ ಕಂಡರೂ ಎಲ್ಲಕ್ಕಿಂತ ಕೆಟ್ಟದ್ದು. ಏರ್ ಡೋರ್ ಇರುವ ಗಾಡಿಯಲ್ಲಿ ಬಾಗಿಲು ಮುಚ್ಚದೆ ಎತ್ತಲೇಬಾರದು. ಬಾಗಿಲಿನ ರಬ್ಬರ್ ಹರಿದು ಸೀರೆ ಸೆರಗು, ಬ್ಯಾಗಿನ ಪಟ್ಟಿ ಸಿಕ್ಕಿಕೊಳ್ಳುವ ಗಾಡಿಯಿದ್ದರೆ ಅದು ಸಣ್ಣ ರಿಪೇರಿಯಲ್ಲ, ಅಂದೇ ಬರೆಸಬೇಕು. ಇನ್ನು ಸ್ಟ್ಯಾಂಡಿನಲ್ಲಿ ರಿವರ್ಸ್. ಹಿಂದೆ ನಿಂತ ಕಂಡಕ್ಟರ್ ‘ಬರ್ಲಿ, ಬರ್ಲಿ’ ಅನ್ನದೆ ಒಂದಡಿಯೂ ಹಿಂದೆ ಹೋಗುವಂತಿಲ್ಲ, ‘ಹೋಲ್ಡಾನ್’ ಕೇಳಿಸದಷ್ಟು ಗದ್ದಲ ಇದ್ದರೆ ಅವರು ಕನ್ನಡಿಯಲ್ಲಿ ಕಾಣುವ ಕಡೆಗೆ ನಿಲ್ಲಬೇಕು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅಂದಿನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಣ ಇಲ್ಲ ಅಂದಮೇಲೆ ಹತ್ತುವುದು ಬೇಗ ಆಗಬೇಕಿತ್ತಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹಾಗಾಗುವುದಿಲ್ಲ, ಏಕೆಂದರೆ ಶೂನ್ಯ ಮೊತ್ತದ ಟಿಕೆಟನ್ನೂ ಒಬ್ಬೊಬ್ಬರಿಗೂ ಮಷೀನಿನಲ್ಲಿ ಹೊಡೆದೇ ಕೊಡಬೇಕು. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ ಲೆಕ್ಕದ ಮೇಲೆ. ಗುರುತಿನ ಚೀಟಿ ನೋಡಬೇಕು, ಇಳಿಯುವ ಊರು ಕೇಳಬೇಕು, ಬಟನ್ ಒತ್ತಬೇಕು. ಗಂಡಸರ ಕಡೆ ಈಗ ಚಿಲ್ಲರೆ ಜಗಳ ಕಮ್ಮಿಯಾಗಿ ಯುಪಿಐ ಬಂದಿದೆ, ನೆಟ್‌ವರ್ಕ್ ಸುತ್ತುತ್ತಿದ್ದರೆ ಅದೂ ಹೊತ್ತು ತಿನ್ನುತ್ತದೆ. ಸ್ಟಾಪು ಹತ್ತಿರ ಇರುವ ದಾರಿಯಲ್ಲಿ ಕಂಡಕ್ಟರಿಗೆ ಮುಂದಿನ ಸ್ಟೇಜಿನೊಳಗೆ ಟಿಕೆಟ್ ಮುಗಿಸಲು ಆಗದೆ ಹೋದರೆ ಡ್ರೈವರ್ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿಸಿ ಕೊಡಬೇಕಾಗುತ್ತದೆ. ಅದನ್ನು ಬೇಸರವಿಲ್ಲದೆ ಕೊಡಿ. ಟಿಕೆಟ್ ಇಲ್ಲದವರು ಸಿಕ್ಕರೆ ಲೈನ್ ಚೆಕಿಂಗಿನವರ ಮುಂದೆ ನಿಲ್ಲಬೇಕಾದವರು ಕಂಡಕ್ಟರ್.

ಬಾಗಿಲಿನ ಹೊತ್ತು ಕಡಿಮೆ ಮಾಡಲು ಡ್ರೈವರ್ ಕೈಯಲ್ಲಿ ಇರುವುದು ಒಂದೆರಡು. ‘ಇಳಿಯೋರು ಮುಂದೆ ಬನ್ನಿ’ ಎಂದು ಸ್ಟಾಪಿಗೆ ಮೊದಲೇ ಕೂಗುವುದು. ಬಾಗಿಲ ಬಳಿ ಆಲೂಗಡ್ಡೆ ಮೂಟೆ, ಶುಂಠಿ ಚೀಲ ಇಡಲು ಬಿಡದಿರುವುದು. ಸಂತೆಯ ದಿನ ಮೆಟ್ಟಿಲ ಮೇಲೆ ಒಂದು ಮೂಟೆ ಕೂತರೆ ಪ್ರತಿ ಸ್ಟಾಪಿನಲ್ಲೂ ಅದನ್ನು ದಾಟಲು ಇಪ್ಪತ್ತು ಸೆಕೆಂಡು. ಇಳಿದ ಮೇಲೆ ಹತ್ತುವುದು ಎಂಬ ಶಿಸ್ತು ಬಾಯಿಂದ ಬರುವುದಕ್ಕಿಂತ ಗಾಡಿ ಪ್ರತಿದಿನ ಒಂದೇ ಜಾಗದಲ್ಲಿ ನಿಲ್ಲುವುದರಿಂದ ಬರುತ್ತದೆ. ಬಾಗಿಲು ಎಲ್ಲಿ ಬರುತ್ತದೆ ಎಂದು ಗೊತ್ತಿದ್ದರೆ ಜನ ಅಲ್ಲೇ ನಿಲ್ಲುತ್ತಾರೆ. ದಿನಕ್ಕೊಂದು ಕಡೆ ನಿಲ್ಲಿಸಿದರೆ ಗಾಡಿ ಹಿಂದೆ ಮುಂದೆ ಓಡುತ್ತಾರೆ.

ಈಗ ಎಲ್ಲರೂ ಬೈಯುವ ವಿಷಯ: ಅರ್ಧ ಗಂಟೆ ಒಂದು ಬಸ್ಸೂ ಇಲ್ಲ, ಆಮೇಲೆ ಎರಡು ಒಟ್ಟಿಗೆ ಬಂದವು. ಡ್ರೈವರುಗಳು ಮಾತಾಡಿಕೊಂಡು ಟೀ ಕುಡಿದು ಒಟ್ಟಿಗೆ ಹೊರಡುತ್ತಾರೆ ಎಂದೇ ಜನ ತಿಳಿದಿದ್ದಾರೆ. ನಿಜವಾಗಿ ಆಗುವುದು ಹೀಗೆ. ಹತ್ತು ನಿಮಿಷಕ್ಕೊಂದು ಗಾಡಿ, ಪ್ರತಿ ಸ್ಟಾಪಿಗೂ ನಿಮಿಷಕ್ಕೊಬ್ಬರು ಬರುತ್ತಾರೆ ಅಂದುಕೊಳ್ಳಿ. ಸರಿಯಾದ ಹೊತ್ತಿಗೆ ಬಂದ ಗಾಡಿಗೆ 10 ಜನ ಸಿಗುತ್ತಾರೆ. ಎಲ್ಲೋ ಟ್ರಾಫಿಕ್ಕಿನಲ್ಲಿ ಎರಡು ನಿಮಿಷ ಹೋಯಿತು. ಈಗ ಮುಂದಿನ ಸ್ಟಾಪಿನಲ್ಲಿ 12 ಜನ. ತಲಾ ಮೂರು ಸೆಕೆಂಡು ಅಂದರೆ 6 ಸೆಕೆಂಡು ಹೆಚ್ಚು ತಡ. ಅದರ ಮುಂದಿನ ಸ್ಟಾಪಿಗೆ ಈ ತಡವೂ ಸೇರಿ ಇನ್ನೊಂದಿಷ್ಟು ಜನ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ, 15 ಸ್ಟಾಪು ದಾಟುವಷ್ಟರಲ್ಲಿ ಎರಡು ನಿಮಿಷ ನಾಲ್ಕಾಗಿರುತ್ತದೆ. ಗಾಡಿ ತುಂಬಿದಷ್ಟೂ ಒಳಗಿಂದ ನುಸುಳಿ ಇಳಿಯಲು ಇನ್ನೂ ಹೊತ್ತು. ಹಿಂದಿನ ಗಾಡಿಯ ಕಥೆ ತಿರುಗುಮುರುಗು. ಅದಕ್ಕೆ 8 ಜನ, ಆಮೇಲೆ 7, ಆಮೇಲೆ ಇನ್ನೂ ಕಮ್ಮಿ. ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟುತ್ತದೆ. ಮುಂದಿನದರಲ್ಲಿ ಜನ ಫುಟ್‌ಬೋರ್ಡಿಗೆ ಜೋತುಬಿದ್ದಿರುತ್ತಾರೆ, ಹಿಂದಿನದರಲ್ಲಿ ಸೀಟು ಖಾಲಿ. ಯಾರ ತಪ್ಪೂ ಅಲ್ಲ, ಆದರೆ ಬಿಟ್ಟರೆ ತಾನಾಗಿ ಸರಿಹೋಗುವುದೂ ಇಲ್ಲ.

ತಡವಾದ ಡ್ರೈವರ್ ಓಡಿಸಿ ಹಿಡಿಯಲು ಆಗುವುದಿಲ್ಲ. ಮೇಲೆ ಹೇಳಿದ 9 ಸೆಕೆಂಡಿನ ಲೆಕ್ಕ ನೆನಪಿಸಿಕೊಳ್ಳಿ. ಸರಿಪಡಿಸುವುದು ಹಿಂದಿನ ಗಾಡಿಯವರ ಕೈಯಲ್ಲಿದೆ. ಮುಂದಿನದು ಕಣ್ಣಿಗೆ ಕಂಡಾಗ ಅಂಟಿಕೊಂಡು ಹೋಗದೆ, ಜಾಗ ಇರುವ ಸ್ಟಾಪಿನಲ್ಲಿ ಎರಡು ಮೂರು ನಿಮಿಷ ತಡೆದು ನಿಲ್ಲಬೇಕು. ಒಳಗಿನವರು ‘ಡ್ರೈವ್ರೇ, ಯಾಕ್ ನಿಲ್ಸಿದ್ರಿ’ ಅನ್ನುತ್ತಾರೆ. ಅನ್ನಲಿ, ಕಾರಣ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಮುಂದಿನ ಗಾಡಿಯವರು ‘ಹಿಂದೆ ಖಾಲಿ ಬರ್ತಾ ಇದೆ, ಅದಕ್ಕೆ ಬನ್ನಿ’ ಎಂದು ಹೇಳಿ, ಇಳಿಯುವವರಿಲ್ಲದ ಸ್ಟಾಪಿನಲ್ಲಿ ಹೆಚ್ಚು ನಿಲ್ಲದೆ ಹೋಗಬಹುದು. ಆದರೆ ಹಿಂದೆ ಗಾಡಿ ನಿಜವಾಗಿ ಕಾಣುತ್ತಿದ್ದರೆ ಮಾತ್ರ. ಸುಳ್ಳು ಹೇಳಿ ಬಿಟ್ಟು ಹೋದರೆ ಆ ಸ್ಟಾಪಿನ ಜನ ಮತ್ತೆಂದೂ ನಂಬುವುದಿಲ್ಲ. ಸ್ಟ್ಯಾಂಡಿಗೆ ಎರಡೂ ಒಟ್ಟಿಗೆ ಸೇರಿದರೆ ಟಿಸಿಗೆ (ಟ್ರಾಫಿಕ್ ಕಂಟ್ರೋಲರಿಗೆ) ಹೇಳಿ ಅಂತರ ಮಾಡಿಸಿಕೊಂಡೇ ಹೊರಡಬೇಕು. ಶೀಟಿನಲ್ಲಿ ಟೈಮಾಗಿದೆ ಎಂದು ಎರಡನ್ನೂ ಬೆನ್ನು ಬೆನ್ನಿಗೆ ಬಿಟ್ಟರೆ ಅದೇ ರೋಗ ವಾಪಸ್ ಟ್ರಿಪ್ಪಿಗೂ ಅಂಟುತ್ತದೆ. ಇನ್ನೊಂದು ಮಾತು: ತಡವಾದ ಗಾಡಿಗಿಂತ ಮೊದಲೇ ಹೋದ ಗಾಡಿ ಕೆಟ್ಟದ್ದು. ತಡವಾದರೆ ಕಾದವರಿಗೆ ಬಸ್ ಸಿಗುತ್ತದೆ, ಎರಡು ನಿಮಿಷ ಮೊದಲೇ ಹೋದರೆ ಸಮಯಕ್ಕೆ ಸರಿಯಾಗಿ ಬಂದವರಿಗೇ ಸಿಗುವುದಿಲ್ಲ.

ಬೆಳಿಗ್ಗೆ ಡಿಪೋದಲ್ಲಿ ಗಾಡಿ ನೋಡುವುದಕ್ಕೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಪೂರ್ತಿ ಬೇಕು. ಒಂದು ರಾಡು ಹಿಡಿದು ಸುತ್ತು ಬನ್ನಿ. ಟೈರಿಗೆ ಹೊಡೆದಾಗ ಗಾಳಿ ತುಂಬಿದ್ದು ‘ಟಣ್’ ಎಂದು ಪುಟಿಯುತ್ತದೆ, ಇಳಿದದ್ದು ‘ದಬ್’ ಎನ್ನುತ್ತದೆ. ಹಿಂದಿನ ಜೋಡಿಯಲ್ಲಿ ಒಳಗಿನ ಟೈರು ಪಂಕ್ಚರ್ ಆದರೆ ಕಣ್ಣಿಗೆ ಕಾಣುವುದಿಲ್ಲ, ಹೊರಗಿನದೇ ಎರಡರ ಭಾರ ಹೊತ್ತು ಬಿಸಿಯಾಗಿ ಸಿಡಿಯುತ್ತದೆ. ಹಾಗಾಗಿ ಒಳಗಿನದಕ್ಕೂ ರಾಡು ತಾಗಿಸಲೇಬೇಕು. ಅದೇ ಜೋಡಿಯ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆಯೇ ನೋಡಿ. ಜಲ್ಲಿ ಎದ್ದ ರಸ್ತೆಯಲ್ಲಿ ಓಡಿದ ಗಾಡಿಗೆ ಮುಷ್ಟಿ ಗಾತ್ರದ ಕಲ್ಲು ಸಿಕ್ಕಿರುತ್ತದೆ. ಓಡುವಾಗ ಎರಡೂ ಟೈರಿನ ಪಕ್ಕೆ ಕೊರೆಯುತ್ತದೆ, ಇಲ್ಲವೇ ಹಿಂದೆ ಬರುವ ಸ್ಕೂಟರಿನವನ ಮುಖಕ್ಕೆ ಹಾರುತ್ತದೆ. ವೀಲ್ ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಹೊರಕ್ಕೆ ಚಿಮ್ಮಿದಂತೆ ಕಂಡರೆ ಆ ನಟ್ಟು ಸಡಿಲ. ಗಾಡಿ ಒಂದು ಕಡೆ ವಾಲಿ ನಿಂತಿದ್ದರೆ ಬಗ್ಗಿ ಸ್ಪ್ರಿಂಗ್ ಪಟ್ಟಿ ನೋಡಿ.

ಆಮೇಲೆ ಗಾಳಿ. ಎಂಜಿನ್ ಚಾಲೂ ಮಾಡಿ ಗೇಜು 7–8 ಬಾರ್ ಒತ್ತಡಕ್ಕೆ ಬಂದು ‘ಪುಸ್’ ಎಂದು ಹೆಚ್ಚಿನ ಗಾಳಿ ಹೊರಗೆ ಬಿಡುವವರೆಗೆ ಕಾಯಬೇಕು. ಅದಾದ ಮೇಲೆ ಎಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ಕಿವಿ ಕೊಟ್ಟು ಕೇಳಿ. ಒಂದೆರಡು ನಿಮಿಷದಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿದರೆ ಎಲ್ಲೋ ಲೀಕ್ ಇದೆ. ಆ ಗಾಡಿಯನ್ನು ಸಿಟಿಗೆ ಒಯ್ಯಬಾರದು, ಏಕೆಂದರೆ ಸಿಟಿಯಲ್ಲಿ ಬ್ರೇಕ್ ಒತ್ತುವಷ್ಟು ಸಲ ಬೇರೆಲ್ಲೂ ಒತ್ತುವುದಿಲ್ಲ, ಸ್ಲೋ ಆರ್‌ಪಿಎಂನಲ್ಲಿ ಕಂಪ್ರೆಸರ್ ತುಂಬುವುದೂ ನಿಧಾನ. ಗಾಳಿ ಬಹಳ ಇಳಿದರೆ ಹ್ಯಾಂಡ್‌ಬ್ರೇಕಿನ ಸ್ಪ್ರಿಂಗು ತಾನಾಗಿ ಹಿಡಿದುಕೊಂಡು ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಗಾಳಿ ಟ್ಯಾಂಕಿನ ತಳದ ವಾಲ್ವ್ ಎಳೆದು ನೀರು ಬಿಡುವುದನ್ನು ಮರೆಯಬೇಡಿ. ಬರೀ ನೀರು ಬಂದರೆ ಏರ್ ಡ್ರೈಯರ್ ಕೆಲಸ ನಿಲ್ಲಿಸಿದೆ. ಹಾಲಿನ ಬಣ್ಣದ ಜಿಡ್ಡು ಬಂದರೆ ಎಣ್ಣೆ ಸೇರಿದೆ, ಕಂಪ್ರೆಸರ್ ರಿಂಗ್ ಸವೆದಿದೆ ಎಂದರ್ಥ. ಬಿ.ಎಸ್. 6 (ಹೊಗೆ ಮಾಲಿನ್ಯದ ಹೊಸ ಮಾನದಂಡದ) ಗಾಡಿಯಾದರೆ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವದ ಮಟ್ಟವೂ ನೋಡಬೇಕು. ಅದು 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ಕಮ್ಮಿಯಾಯಿತೆಂದು ನಲ್ಲಿ ನೀರು ಬೆರೆಸಿದರೆ ಸೆನ್ಸರ್, ಪಂಪು, ಇಂಜೆಕ್ಟರ್ ಹಾಳಾಗಿ ಎಂಜಿನ್ ಪವರ್ ಕಡಿಮೆ ಮಾಡಿಬಿಡುತ್ತದೆ.

ಬಿ.ಎಸ್. 6 ಗಾಡಿಗೆ ಸಿಟಿ ಓಟ ಒಗ್ಗುವುದಿಲ್ಲ ಎಂಬ ದೂರು ಸುಳ್ಳಲ್ಲ. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಹೊಗೆ ಬಹಳ ಬಿಸಿಯಾಗಬೇಕು. ಹೈವೇಯಲ್ಲಿ ಭಾರ ಹೊತ್ತು ಗಂಟೆಗಟ್ಟಲೆ ಓಡಿದರೆ ಅದು ಸುಲಭ. ನಿಂತು ಹೊರಟು ನಿಲ್ಲುವ ಗಾಡಿಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ, ಮಸಿ ತುಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ದೀಪ ಹತ್ತಿದ ಮೇಲೂ ಎರಡು ಮೂರು ದಿನ ‘ಓಡ್ತಾ ಇದೆಯಲ್ಲ’ ಎಂದು ತಳ್ಳಿದರೆ ಆಮೇಲೆ ಲ್ಯಾಪ್‌ಟಾಪ್ ಹಾಕಿ ಬಿಡಿಸುವ ಕೆಲಸವಾಗುತ್ತದೆ. ಅಂದು ಸಂಜೆಯೇ ಡಿಪೋದಲ್ಲಿ ನಿಲ್ಲಿಸಿ ರೀಜನರೇಶನ್ (ನಿಂತಲ್ಲೇ ಫಿಲ್ಟರಿನ ಮಸಿ ಸುಡುವುದು) ಮಾಡಿಸಿ. ಆಗ ಸೈಲೆನ್ಸರ್ ಬಾಯಿಯ ಬಳಿ ಒಣಹುಲ್ಲು, ಎಣ್ಣೆಬಟ್ಟೆ, ಮನುಷ್ಯರು ಯಾರೂ ಇರಬಾರದು.

ಮಳೆಗೆ ಬರೋಣ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ನಮ್ಮ ಕಡೆ ದಿನಗಟ್ಟಲೆ ಸೋನೆ. ಆದರೆ ಹೆಚ್ಚು ಜಾರುವುದು ಆ ಮಳೆಗಲ್ಲ, ಬಿಸಿಲಿನ ನಂತರ ಬರುವ ಮೊದಲ ಮಳೆಯ ಮೊದಲ ಅರ್ಧ ಗಂಟೆಗೆ. ರಸ್ತೆಯಲ್ಲಿ ಕೂತ ಎಣ್ಣೆ, ಧೂಳು ನೀರಿನೊಡನೆ ಸೇರಿ ಸೋಪಿನಂತಾಗಿರುತ್ತದೆ. ಆಗ ಮೂರು ಬಸ್ಸಿನ ಉದ್ದದ ಲೆಕ್ಕವನ್ನು ಐದು ಮಾಡಿಕೊಳ್ಳಿ. ಗಾಡಿಯೊಳಗೆ ಒದ್ದೆ ಜನ ತುಂಬಿದಾಗ ಗಾಜು ಒಳಗಿನಿಂದ ಮಂಜಾಗುತ್ತದೆ. ಕೈಯಿಂದ ಒರೆಸಿದರೆ ಕೈ ಜಿಡ್ಡು ಹತ್ತಿ ಎದುರಿನ ಲೈಟು ಬಿದ್ದಾಗ ಏನೂ ಕಾಣದು. ಒಂದು ಒಣ ಹತ್ತಿ ಬಟ್ಟೆ ಸೀಟಿನ ಪಕ್ಕ ಇರಲಿ, ಡ್ರೈವರ್ ಪಕ್ಕದ ಕಿಟಕಿ ಎರಡು ಬೆರಳು ತೆರೆದಿರಲಿ. ವೈಪರ್ ಕೈಕೊಟ್ಟಾಗ ಬೀಡಿ ತಂಬಾಕನ್ನು ಗಾಜಿನ ಹೊರಗೆ ಉಜ್ಜುವುದು ಹಳೇ ಡ್ರೈವರುಗಳ ಉಪಾಯ. ನೀರು ಹನಿಗಟ್ಟದೆ ಹಾಳೆಯಂತೆ ಇಳಿದು ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಅದು ಡಿಪೋ ಸೇರುವವರೆಗಿನ ಉಪಾಯ, ಮುಂದಿನ ಟ್ರಿಪ್ಪಿನದ್ದಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ. ಡಿಪ್ಪಿನಲ್ಲೇ ಇರಿ.

ವರ್ಷಕ್ಕೊಮ್ಮೆ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಿ ಮೇಲಿನ ಯಾವ ಟೈಮ್‌ಶೀಟೂ ನಡೆಯುವುದಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದರೆ ಬಲಿಪಾಡ್ಯಮಿಯ ಮಾರನೆಯ ದಿನದ ಹೊತ್ತಿಗೆ ಮುಚ್ಚುವವರೆಗೆ ಊರಿಗೆ ಊರೇ ಸರತಿ ಸಾಲು. ದೇವಸ್ಥಾನದ ಸುತ್ತ ದಾರಿ ಬದಲಾಗುತ್ತದೆ, ಸ್ಟಾಪು ಬದಲಾಗುತ್ತದೆ. ಆಗ ಡ್ರೈವರ್ ಮಾಡಬೇಕಾದದ್ದು ಎರಡು. ಬೆಳಿಗ್ಗೆ ಡ್ಯೂಟಿ ಹತ್ತುವ ಮೊದಲು ಅಂದಿನ ದಾರಿ ಕೇಳಿಕೊಳ್ಳುವುದು, ನಿನ್ನೆಯದು ಇಂದು ಇರುತ್ತದೆ ಎಂದು ನಂಬದಿರುವುದು. ಜನ ಗಾಡಿಯ ಮೈಗೆ ಕೈ ಹಚ್ಚಿಕೊಂಡು ನಡೆಯುತ್ತಿರುವಾಗ ಒಂದಿಂಚೂ ಎತ್ತದಿರುವುದು. ಹಾರ್ನ್ ಹೊಡೆದರೆ ಆ ಗದ್ದಲದಲ್ಲಿ ಯಾರೂ ಸರಿಯುವುದಿಲ್ಲ, ಕಂಡಕ್ಟರ್ ಇಳಿದು ಮುಂದೆ ನಡೆದು ದಾರಿ ಬಿಡಿಸಬೇಕು. ಪರವೂರಿನವರು ‘ಸ್ವಾಮಿ, ಇದು ದೇವಸ್ಥಾನಕ್ಕೆ ಹೋಗುತ್ತಾ’ ಎಂದು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಕೇಳುತ್ತಾರೆ. ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗಾಜಿಗೆ ಇಟ್ಟರೆ ಅರ್ಧ ಪ್ರಶ್ನೆ ಕಡಿಮೆಯಾಗುತ್ತದೆ.

ಮೈಯ ಬಗ್ಗೆಯೂ ಹೇಳಬೇಕು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ, ಒಂದೇ ಸಮ ಐದು ಗಂಟೆ ಮೀರದಂತೆ ನಡುವೆ ಅರ್ಧ ಗಂಟೆಯಾದರೂ ವಿರಾಮ ಎಂದಿತ್ತು. ಸಿಟಿಯಲ್ಲಿ ಗಾಡಿ ತಡವಾದಾಗ ಮೊದಲು ಕತ್ತರಿ ಬೀಳುವುದು ಟ್ರಿಪ್ಪಿನ ಕೊನೆಯ ಐದು ನಿಮಿಷಕ್ಕೆ. ಆ ಐದು ನಿಮಿಷ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಇರುವುದು. ಎಷ್ಟೋ ಲಾಸ್ಟ್ ಸ್ಟಾಪಿನಲ್ಲಿ ಶೌಚಾಲಯವಿಲ್ಲ, ಅದಕ್ಕೇ ಡ್ರೈವರುಗಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ನಲವತ್ತು ದಾಟುವಷ್ಟರಲ್ಲಿ ಕಿಡ್ನಿ ಕಲ್ಲು ಎಂದು ಆಸ್ಪತ್ರೆ ಸೇರುತ್ತಾರೆ. ಇದು ಡ್ರೈವರ್ ಸರಿಪಡಿಸುವ ವಿಷಯವಲ್ಲ, ದಾರಿ ನಿಗದಿ ಮಾಡುವವರು ಮಾಡಬೇಕಾದದ್ದು. ನಮ್ಮ ಕೈಯಲ್ಲಿರುವುದು ಸೀಟು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿದಿರುವಷ್ಟು ಮುಂದೆ ಎಳೆದುಕೊಳ್ಳಿ. ಸೊಂಟ ಜಾರಿಸಿ ತುದಿಕಾಲಲ್ಲಿ ಒತ್ತುವಂತಿದ್ದರೆ ಸಾವಿರ ಸಲ ಒತ್ತಿದ ಮೇಲೆ ಬೆನ್ನು ಉಳಿಯುವುದಿಲ್ಲ. ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಕ್ಲಚ್ ಹಿಡಿದು ಕೂರಬೇಡಿ, ನ್ಯೂಟ್ರಲ್ ಮಾಡಿ ಕಾಲು ನೆಲಕ್ಕಿಡಿ. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ಹಿಡಿತಕ್ಕೆ ಬಂದು ಬಾನೆಟ್ಟಿನಲ್ಲಿ ನಡುಕ ಗೊತ್ತಾದಾಗ ಹ್ಯಾಂಡ್‌ಬ್ರೇಕ್ ಬಿಡಿ. ಸುಟ್ಟ ವಾಸನೆ ಬಂದಿತೆಂದರೆ ಪ್ಲೇಟು ಆಗಲೇ ಹೋಗುತ್ತಿದೆ.

ಡ್ಯೂಟಿ ಮುಗಿಸಿ ಡಿಪೋಗೆ ಬಂದಾಗ ಇಳಿದು ಓಡಿಬಿಡಬೇಡಿ. ಅಂಗೈಯ ಹಿಂಭಾಗವನ್ನು ಒಂದೊಂದು ಚಕ್ರದ ಡ್ರಮ್ಮಿನ ಬಳಿ ಹಿಡಿಯಿರಿ, ಮುಟ್ಟಬೇಡಿ, ಬೊಬ್ಬೆ ಬರುತ್ತದೆ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಬಿಸಿ ಇರಬೇಕು. ಒಂದು ತಣ್ಣಗಿದ್ದರೆ ಅಲ್ಲಿ ಬ್ರೇಕೇ ಹಿಡಿಯುತ್ತಿಲ್ಲ. ಒಂದು ಸುಡುತ್ತಿದ್ದರೆ ಅದು ಬಿಡದೆ ಉಜ್ಜಿಕೊಂಡೇ ಬಂದಿದೆ. ಈಗ ಲಾಗ್‌ಶೀಟು. ‘ಬ್ರೇಕ್ ಸರಿಯಿಲ್ಲ’ ಎಂದು ಬರೆದರೆ ರಾತ್ರಿ ಪಾಳಿಯ ಮೆಕ್ಯಾನಿಕ್ ಒಮ್ಮೆ ಒತ್ತಿ ನೋಡಿ ‘ಸರಿಯಿದೆ’ ಎಂದು ಟಿಕ್ ಹಾಕುತ್ತಾರೆ, ಅವರದ್ದೇನೂ ತಪ್ಪಿಲ್ಲ. ‘ಬಿಸಿಯಾದ ಮೇಲೆ ಬ್ರೇಕ್ ಹಿಡಿದರೆ ಎಡಕ್ಕೆ ಎಳೆಯುತ್ತದೆ, ಮುಂದಿನ ಬಲ ಡ್ರಮ್ ತಣ್ಣಗಿದೆ’ ಎಂದು ಬರೆಯಿರಿ. ಆಗ ಅವರು ನೇರ ಬಲ ಚಕ್ರಕ್ಕೆ ಹೋಗುತ್ತಾರೆ: ಲೈನರಿಗೂ ಡ್ರಮ್ಮಿಗೂ ನಡುವಿನ ಸಂದಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲವೋ, ಸೀಲ್ ಒಡೆದು ಲೈನರಿಗೆ ಗ್ರೀಸ್ ಹತ್ತಿದೆಯೋ ನೋಡುತ್ತಾರೆ. ಬೆಳಿಗ್ಗೆ ಅದೇ ಗಾಡಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರು ಹಳೇ ಸ್ಟ್ಯಾಂಡಿನಿಂದ ಮೊದಲ ಟ್ರಿಪ್ಪು ಎತ್ತುವ ಮೊದಲು ಓದುವುದು ಈ ಶೀಟನ್ನೇ.